ರೂಟರ್‌ನ ಕಾನ್ಫಿಗ್ ಫೈಲ್ ಯಾರ ಸ್ವತ್ತು?

ಮಾನ್ಯ ಸಂಪಾದಕರೇ,

‘ಸರ್ವರ್ ಡೌನ್’ ಎಂಬ ಚೀಟಿ ಅಂಟಿಸಿದ ಕೌಂಟರಿನ ಮುಂದೆ ಪಹಣಿಗೋ ಜಾತಿ ಪ್ರಮಾಣಪತ್ರಕ್ಕೋ ಜನ ಕಾದು ನಿಂತ ಚಿತ್ರಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ಕಚೇರಿಯ ಕಂಪ್ಯೂಟರ್‌ಗಳನ್ನು ಪರಸ್ಪರ ಹಾಗೂ ಹೊರಜಾಲಕ್ಕೆ ಜೋಡಿಸಿ ಕಾಯುವ ರೂಟರ್, ಸ್ವಿಚ್, ಫೈರ್‌ವಾಲ್‌ಗಳ ನಿರ್ವಹಣೆಯಲ್ಲೇ ವೃತ್ತಿಜೀವನ ಕಳೆದು ನಿವೃತ್ತನಾಗಿರುವ ನನಗೆ ಅಂಥ ಚಿತ್ರ ಕಂಡಾಗ ಮೊದಲು ಅನುಮಾನ ಬರುವುದು ಸರ್ವರಿನ ಮೇಲಲ್ಲ. ರಾತ್ರಿ ಕರೆಂಟ್ ಹೋಗಿ ಬಂದಿರಬೇಕು, ಯುಪಿಎಸ್ ಬ್ಯಾಟರಿ ಕೈಕೊಟ್ಟಿರಬೇಕು, ಹಿಂದೆಂದೋ ಬಂದ ಇಂಜಿನಿಯರ್ ಕೊನೆಯ ಒಂದು ಸಾಲನ್ನು ಟೈಪ್ ಮಾಡದೆ ಹೋಗಿರಬೇಕು ಎಂದುಕೊಳ್ಳುತ್ತೇನೆ.

ಆ ಸಾಲು ಯಾವುದೆಂದು ಹೇಳುತ್ತೇನೆ. ಸಿಸ್ಕೊ ಕಂಪನಿಯ ರೂಟರ್‌ಗಳಲ್ಲಿ ಕಾನ್ಫಿಗ್, ಅಂದರೆ ಯಂತ್ರ ಹೇಗೆ ನಡೆಯಬೇಕೆಂಬ ಆದೇಶಗಳ ಪಟ್ಟಿ, ಎರಡು ಕಡೆ ಇರುತ್ತದೆ: ಈಗ ನಡೆಯುತ್ತಿರುವ ‘ರನ್ನಿಂಗ್ ಕಾನ್ಫಿಗ್’ ರ‍್ಯಾಮ್‌ನಲ್ಲಿ, ಯಂತ್ರ ಆನ್ ಆದಾಗ ಓದಿಕೊಳ್ಳುವ ‘ಸ್ಟಾರ್ಟಪ್ ಕಾನ್ಫಿಗ್’ ವಿದ್ಯುತ್ ಹೋದರೂ ಅಳಿಯದ ಎನ್‌ವಿರ‍್ಯಾಮ್‌ನಲ್ಲಿ. ಕಮಾಂಡ್ ಲೈನಿನಲ್ಲಿ ಕೊಟ್ಟ ಆದೇಶ ಆ ಕ್ಷಣವೇ ಜಾರಿಗೆ ಬರುತ್ತದೆಯಾದರೂ, ‘ಕಾಪಿ ರನ್ನಿಂಗ್-ಕಾನ್ಫಿಗ್ ಸ್ಟಾರ್ಟಪ್-ಕಾನ್ಫಿಗ್’ ಎಂದೋ, ನಾವೆಲ್ಲ ಬಾಯಿಮಾತಿನಲ್ಲಿ ಹೇಳುವ ‘ರೈಟ್ ಮೆಮ್’ ಎಂದೋ ಬರೆಯುವ ತನಕ ಅದು ಮೊದಲನೆಯದರಲ್ಲಷ್ಟೇ ಇರುತ್ತದೆ. ಎಲ್ಲವೂ ಸರಿಯಾಗಿ ನಡೆಯುತ್ತಿರುವುದರಿಂದ ಈ ಮರೆವು ತಿಂಗಳುಗಟ್ಟಲೆ ಯಾರಿಗೂ ಕಾಣದೆ ಉಳಿದು, ಕರೆಂಟ್ ಹೋದ ದಿನ ಒಮ್ಮೆಗೇ ಬಯಲಾಗುತ್ತದೆ.

ಹಾಗೆಂದು ಈ ಎರಡು ಪ್ರತಿಗಳ ವ್ಯವಸ್ಥೆಯನ್ನು ನಾನು ದೂರಲಾರೆ, ಏಕೆಂದರೆ ಒಮ್ಮೆ ನನ್ನ ಮಾನ ಉಳಿಸಿದ್ದು ಅದೇ. ಕಾಲೇಜೊಂದರ ಮುಖ್ಯ ಸ್ವಿಚ್ಚಿಗೆ ಮನೆಯಿಂದಲೇ ಲಾಗಿನ್ ಆಗಿ, ಹಲವು ವಿ-ಲ್ಯಾನ್‌ಗಳನ್ನು (ಒಂದೇ ಸ್ವಿಚ್ಚಿನೊಳಗೆ ಬೇರ್ಪಡಿಸಿದ ಜಾಲಗಳನ್ನು) ಸಾಗಿಸುವ ಟ್ರಂಕ್ ಪೋರ್ಟೊಂದಕ್ಕೆ 30ನೇ ವಿ-ಲ್ಯಾನ್ ಸೇರಿಸಹೊರಟವನು ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿ-ಲ್ಯಾನ್ ಆ್ಯಡ್ 30’ ಎಂಬ ಆದೇಶದಲ್ಲಿ ‘ಆ್ಯಡ್’ ಎಂಬ ಪದವನ್ನು ಬಿಟ್ಟುಬಿಟ್ಟೆ. ಆ ಪದವಿಲ್ಲದಿದ್ದರೆ ಯಂತ್ರವು ಅನುಮತಿಸಿದ ವಿ-ಲ್ಯಾನ್‌ಗಳ ಪಟ್ಟಿಗೆ 30ನ್ನು ಸೇರಿಸುವ ಬದಲು ಪಟ್ಟಿಯನ್ನೇ ಅಳಿಸಿ 30 ಒಂದನ್ನೇ ಉಳಿಸಿಕೊಳ್ಳುತ್ತದೆ. ನನ್ನ ಸಂಪರ್ಕವೂ ಸೇರಿದಂತೆ ಎಲ್ಲವೂ ಕಡಿದುಹೋಯಿತು. ಕಾವಲುಗಾರರಿಗೆ ಫೋನ್ ಮಾಡಿ ಸ್ವಿಚ್ ಆಫ್ ಮಾಡಿ ಆನ್ ಮಾಡಿಸಿದಾಗ, ಸೇವ್ ಆಗಿರದ ನನ್ನ ತಪ್ಪು ಅಳಿದು ಹಳೆಯ ಸ್ಥಿತಿ ಮರಳಿತು. ಆಮೇಲೆ ದೂರದಿಂದ ಕೈಹಾಕುವಾಗಲೆಲ್ಲ ಮೊದಲು ‘ರಿಲೋಡ್ ಇನ್ 10’ ಎಂದು ಬರೆದಿಡುತ್ತಿದ್ದೆ. ಹತ್ತು ನಿಮಿಷದೊಳಗೆ ನಾನು ಅದನ್ನು ರದ್ದು ಮಾಡದಿದ್ದರೆ ಯಂತ್ರ ತಾನೇ ಮರುಚಾಲನೆಗೊಳ್ಳುತ್ತದೆ. ಜುನಿಪರ್ ಕಂಪನಿಯ ಯಂತ್ರಗಳಲ್ಲಿ ‘ಕಮಿಟ್ ಕನ್ಫರ್ಮ್ಡ್’ ಎಂಬ ಆದೇಶ ಇದೇ ಕೆಲಸವನ್ನು ಮರುಚಾಲನೆಯ ಗೊಡವೆಯಿಲ್ಲದೆ ಮಾಡುವುದು ನನಗೆ ಇನ್ನೂ ಮೆಚ್ಚುಗೆ.

ಇದು ಸಣ್ಣ ಕಚೇರಿಗಳ ಪಾಡು ಮಾತ್ರವೆಂದು ತಿಳಿಯಬೇಕಿಲ್ಲ. 2021ರ ಅಕ್ಟೋಬರ್ 4ರ ರಾತ್ರಿ ಒಂಬತ್ತರ ಸುಮಾರಿಗೆ ನಮ್ಮೆಲ್ಲರ ವಾಟ್ಸ್‌ಆ್ಯಪ್ ನಿಂತುಹೋದದ್ದು ಓದುಗರಿಗೆ ನೆನಪಿರಬಹುದು. ನಿರ್ವಹಣೆಯ ವೇಳೆ ಕೊಟ್ಟ ಒಂದು ಕಮಾಂಡ್ ಫೇಸ್‌ಬುಕ್ಕಿನ ಡೇಟಾ ಸೆಂಟರ್‌ಗಳನ್ನು ಬೆಸೆದಿದ್ದ ಜಾಲವನ್ನೇ ಕಡಿದಿತ್ತು, ಅಂಥ ಆದೇಶವನ್ನು ತಡೆಯಬೇಕಿದ್ದ ತಪಾಸಣಾ ತಂತ್ರಾಂಶದಲ್ಲೇ ದೋಷವಿತ್ತು. ಸರಿಪಡಿಸಲು ಇಂಜಿನಿಯರ್‌ಗಳು ಖುದ್ದಾಗಿ ಯಂತ್ರಗಳ ಬಳಿಗೆ ಹೋಗಬೇಕಾಯಿತು.

ನನ್ನ ಮುಖ್ಯ ಆಕ್ಷೇಪ ಇರುವುದು ಬೇರೆಡೆ. ಕಾನ್ಫಿಗ್ ಎಂಬುದು ಕೆಲವು ನೂರು ಸಾಲುಗಳ ಸಾದಾ ಪಠ್ಯ. ಆದರೂ ನಾನು ಕಂಡ ಬಹುತೇಕ ಕಚೇರಿಗಳಲ್ಲಿ ಅದರ ಪ್ರತಿ ಇರುವುದು ವಾರ್ಷಿಕ ನಿರ್ವಹಣಾ ಗುತ್ತಿಗೆದಾರರ ಹುಡುಗನ ಲ್ಯಾಪ್‌ಟಾಪಿನಲ್ಲಿ ಮಾತ್ರ. ಗುತ್ತಿಗೆ ಬದಲಾದರೆ ಹುಡುಗನೊಡನೆ ಕಾನ್ಫಿಗ್ಗೂ ಹೋಯಿತು. ಒಂದು ಗುಂಟೆ ಜಮೀನು ಕೈಬದಲಾದರೂ ಮ್ಯುಟೇಶನ್ ವಹಿಯಲ್ಲಿ ನಮೂದಾಗಬೇಕೆನ್ನುವ ಕಚೇರಿಯಲ್ಲೇ, ಫೈರ್‌ವಾಲ್‌ನಲ್ಲಿ ಯಾರಿಗಾಗಿ ಯಾವ ಬಾಗಿಲು ತೆರೆದರೆಂಬುದಕ್ಕೆ ಒಂದು ವಹಿಯಿಲ್ಲ. ಲಾಗ್‌ಗಳನ್ನು, ಅಂದರೆ ಯಂತ್ರ ತಾನೇ ಬರೆದಿಡುವ ಘಟನೆಗಳ ದಾಖಲೆಯನ್ನು, 180 ದಿನ ಕಾಪಾಡಬೇಕೆಂದು ಸೈಬರ್ ಭದ್ರತೆಯ ಕೇಂದ್ರ ಸರ್ಕಾರಿ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನ ಹೇಳುತ್ತದೆ. ಆದರೆ ಲಾಗ್‌ನಲ್ಲಿ ಕಂಡ ಘಟನೆಯ ದಿನ ನಿಯಮಗಳು ಹೇಗಿದ್ದವೆಂದು ತಿಳಿಯಲು ಅಂದಿನ ಕಾನ್ಫಿಗ್ಗೇ ಬೇಕು. ಪ್ರತಿ ರಾತ್ರಿ ಎಲ್ಲ ಯಂತ್ರಗಳಿಗೂ ತಾನೇ ಲಾಗಿನ್ ಆಗಿ, ಕಾನ್ಫಿಗ್ ಎತ್ತಿಕೊಂಡು, ನಿನ್ನೆಗೂ ಇಂದಿಗೂ ಬದಲಾದ ಸಾಲುಗಳನ್ನು ದಾಖಲಿಸುವ ರ‍್ಯಾನ್ಸಿಡ್, ಆಕ್ಸಿಡೈಸ್ಡ್‌ನಂಥ ಮುಕ್ತ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ. ಹಳೆಯ ಕಂಪ್ಯೂಟರೊಂದು ಸಾಕು.

ಆ ಪ್ರತಿಯನ್ನು ಎಲ್ಲೆಂದರಲ್ಲಿ ಇಡುವಂತೆಯೂ ಇಲ್ಲ. ಸಿಸ್ಕೊ ಕಾನ್ಫಿಗ್‌ನಲ್ಲಿ ‘7’ ಎಂಬ ಗುರುತಿನೊಡನೆ ಕಾಣುವ ಪಾಸ್‌ವರ್ಡ್ ಮರೆಮಾಚಿದಂತೆ ತೋರಿದರೂ ಅದನ್ನು ಕ್ಷಣಾರ್ಧದಲ್ಲಿ ಬಿಡಿಸಬಹುದು. ಅಂಥ ಫೈಲನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವವರನ್ನು ಕಂಡಿದ್ದೇನೆ. ಫೈಲ್ ಸಾಗಿಸುವ ಹಳೆಯ ವಿಧಾನವಾದ ಟಿಎಫ್‌ಟಿಪಿ ಮೂಲಕ ಸಾಗಿಸಿದರೆ ಪಾಸ್‌ವರ್ಡೂ ಕೇಳದೆ, ಗೂಢಲಿಪಿಯೂ ಇಲ್ಲದೆ ಹೋಗುತ್ತದೆ. ಅದರ ಬದಲು ಗೂಢಲಿಪಿಯಲ್ಲಿ ಸಾಗಿಸುವ ಎಸ್‌ಸಿಪಿ ಬಳಸಬೇಕು.

ಆದ್ದರಿಂದ ಸಾರ್ವಜನಿಕ ಕಚೇರಿ, ಆಸ್ಪತ್ರೆ, ಕಾಲೇಜುಗಳ ನೆಟ್‌ವರ್ಕ್ ಟೆಂಡರ್‌ಗಳಲ್ಲಿ ಎರಡು ಷರತ್ತುಗಳನ್ನು ಸೇರಿಸಬೇಕೆಂದು ಸಂಬಂಧಪಟ್ಟವರನ್ನು ಕೋರುತ್ತೇನೆ. ಪ್ರತಿ ಬದಲಾವಣೆಯ ನಂತರದ ಕಾನ್ಫಿಗ್ ಕಚೇರಿಯದೇ ಕಂಪ್ಯೂಟರಿನಲ್ಲಿ ದಿನಾಂಕಸಹಿತ ಇರಬೇಕು. ಮತ್ತು ವರ್ಷಕ್ಕೊಮ್ಮೆ, ರಜಾದಿನವೊಂದರಲ್ಲಿ, ಖಾಲಿ ರೂಟರಿಗೆ ಆ ಪ್ರತಿಯನ್ನು ತುಂಬಿ ಕೌಂಟರ್ ನಡೆಯುತ್ತದೆಯೇ ಎಂದು ಗುತ್ತಿಗೆದಾರರು ಅಧಿಕಾರಿಯೆದುರು ತೋರಿಸಿದ ಮೇಲೆಯೇ ಅವರ ಬಿಲ್ ಪಾಸಾಗಬೇಕು.

ಇಂತಿ,
ನಿವೃತ್ತ ನೆಟ್‌ವರ್ಕ್ ಇಂಜಿನಿಯರ್, ಶಿವಮೊಗ್ಗ