ಟಿಎಸ್‌ಎಚ್ 3.1: ಎಲ್ಲರಿಗೂ ಥ್ಯಾಂಕ್ಸ್, ಅತ್ತೆಗೆ ಸ್ವಲ್ಪ ಜಾಸ್ತಿ

ಸೋಮವಾರ ರಿಪೋರ್ಟ್ ಬಂತು. ಟಿಎಸ್‌ಎಚ್ 3.1. ಮೈಯಲ್ಲಿ ಥೈರಾಯ್ಡ್ ಹಾರ್ಮೋನು ಕಡಿಮೆಯಾದಷ್ಟೂ ಏರುವ ನಂಬರ್ ಇದು. ಹೋದ ವರ್ಷ ಪುಷ್ಯ ಮಳೆ ಹೊತ್ತಿಗೆ ಇದೇ ನಂಬರ್ 118 ಇತ್ತು. ತೀರ್ಥಹಳ್ಳಿಯ ಲ್ಯಾಬಿನ ಹುಡುಗ ಕಾಗದ ಕೊಡುವಾಗ "ಮೇಡಂ, ಈ ಸಲ ದಪ್ಪ ಅಕ್ಷರದಲ್ಲಿ ಏನೂ ಬಂದಿಲ್ಲ" ಅಂದ. ಅಲ್ಲೇ ಮೆಟ್ಟಿಲ ಮೇಲೆ ಕೂತು ಎರಡು ಸಲ ಓದಿದೆ.

ಆಪರೇಷನ್ ಕಥೆ ನಿಮಗೆಲ್ಲ ಗೊತ್ತು, ಮತ್ತೆ ಹೇಳಲ್ಲ. ಗಂಟು ಕೆಟ್ಟದ್ದಲ್ಲ, ಥೈರಾಯ್ಡ್ ಪೂರ್ತಿ ತೆಗೆದಿದ್ದೇವೆ, ಇನ್ನು ಅದರ ಹಾರ್ಮೋನಿನ ಬದಲಿಗೆ ದಿನಕ್ಕೊಂದು ಮಾತ್ರೆ, ಅಷ್ಟೇ ಅಂದಿದ್ದರು. ಆ 'ಅಷ್ಟೇ'ಯಲ್ಲೇ ಒಂದೂವರೆ ವರ್ಷ ಕಳೆಯಿತು.

ನನ್ನ ಕ್ಲಾಸುಗಳನ್ನು ಹಂಚಿಕೊಂಡ ಸ್ಕೂಲಿನ ಗೆಳತಿಯರು, ಶಿವಮೊಗ್ಗದಲ್ಲಿ ಆರು ದಿನ ಬುತ್ತಿ ಕಳಿಸಿದ ಚಿಕ್ಕಮ್ಮ, ನಡುರಾತ್ರಿ ಜೀಪು ತೆಗೆದ ಪಕ್ಕದ ಮನೆಯವರು, ಮಂಡಗದ್ದೆ ಹತ್ತಿರ ಸುರಿಯೋ ಮಳೆಯಲ್ಲಿ ಬಿದ್ದ ಮರ ಕೊಯ್ದು ದಾರಿ ಬಿಡಿಸಿದ ಆ ನಾಲ್ಕು ಜನ (ಹೆಸರೂ ಕೇಳಲಿಲ್ಲ ನಾವು), ನಿಮ್ಮೆಲ್ಲರ ಋಣ ದೊಡ್ಡದು. ಒಂದೇ ಸಾಲಲ್ಲಿ ಮುಗಿಸಿದಳು ಅಂತ ಬೇಜಾರು ಮಾಡ್ಕೋಬೇಡಿ. ಇದು ಅತ್ತೆಗೆ ಬರೆದದ್ದು. ಅವರು ಫೋನ್ ಮುಟ್ಟಲ್ಲ, ಹಾಗಾಗಿ ಧೈರ್ಯವಾಗಿ ಬರೆಯಬಹುದು.

ಮಾತ್ರೆಯ ಡೋಸ್ 100 ಮೈಕ್ರೋಗ್ರಾಂನಿಂದ 125 ಆಯಿತು, 150 ಆಯಿತು, ಕೊನೆಗೆ 200. ಪ್ರತಿ ಸಲ ಬದಲಿಸಿದ ಮೇಲೂ ರಕ್ತ ನೋಡೋಕೆ 6ರಿಂದ 8 ವಾರ ಕಾಯಬೇಕು. ಈ ಹಾರ್ಮೋನು ಮೈಯಲ್ಲಿ ಅರ್ಧ ಖಾಲಿಯಾಗೋಕೇ ಒಂದು ವಾರ ಹಿಡಿಯುತ್ತದಂತೆ, ಅದರ ಲೆಕ್ಕವೆಲ್ಲ ನಿಧಾನ. ಕಾದು ಕಾದು ನೋಡಿದರೆ ಟಿಎಸ್‌ಎಚ್ ಇಳಿಯೋದಿರಲಿ, ಏರಿರುತ್ತಿತ್ತು. ನನ್ನ ಮುಖ ಊದಿತ್ತು, ದನಿ ಗಂಡಸಿನ ದನಿಯಾಗಿತ್ತು. ಬೋರ್ಡಿನ ಮೇಲೆ ಅರ್ಧ ವಾಕ್ಯ ಬರೆದು ಮುಂದಿನದು ಮರೆತು ನಿಲ್ಲುತ್ತಿದ್ದೆ. ಮಕ್ಕಳು ಪಾಪ, ಮೆಲ್ಲಗೆ ನೆನಪಿಸುತ್ತಿದ್ದರು.

ಆಗ ತೋರಿಸುತ್ತಿದ್ದ ಡಾಕ್ಟರ್ ಒಂದು ದಿನ ರಿಪೋರ್ಟಿನಿಂದ ತಲೆ ಎತ್ತದೆ ಹೇಳಿದರು: "ಇಷ್ಟು ಡೋಸಲ್ಲಿ ಹೀಗೆ ಬರೋಕೆ ಸಾಧ್ಯವೇ ಇಲ್ಲ. ನೀವು ಮಾತ್ರೆ ತಗೊಳ್ತಿಲ್ಲ."

ನನಗೆ ಬಾಯಿ ಬರಲಿಲ್ಲ. ಅತ್ತೆ ಎದ್ದು ನಿಂತರು. "ನನ್ನ ಕಣ್ಣೆದುರಿಗೇ ನುಂಗ್ತಾಳೆ ಡಾಕ್ಟ್ರೇ. ಮಾತ್ರೆ ಜೊತೆ ಕಾಫಿ ಕೊಡೋಳೇ ನಾನು."

ಉತ್ತರದ ಅರ್ಧ ಭಾಗ ಆ ಮಾತಿನಲ್ಲೇ ಇತ್ತು. ನಮಗೆ ಗೊತ್ತಿರಲಿಲ್ಲ, ಗೊತ್ತಿರಬೇಕಾದವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಆಮೇಲಿನ ದಿನಗಳು ಕೆಟ್ಟವು. ಮನೆಯವರೂ ಒಂದು ರಾತ್ರಿ ಕೇಳಿಬಿಟ್ಟರು, "ನಿಜ ಹೇಳು, ತಗೊಳ್ತಿದೀಯಾ?" ಅಂತ. ಇದನ್ನು ಅವರು ಓದುತ್ತಾರೆ, ಓದಲಿ. ಆ ಪ್ರಶ್ನೆ ಇನ್ನೂ ಪೂರ್ತಿ ಮಾಸಿಲ್ಲ. ಕೊನೆಗೆ ನನಗೇ ನನ್ನ ಮೇಲೆ ಅನುಮಾನ. ಮಾತ್ರೆ ಬಾಟಲಿಗೆ ಥಂಡಿ ಹಿಡಿಯಬಾರದು ಅಂತ ಅತ್ತೆ ಅದನ್ನು ಹಪ್ಪಳದ ಡಬ್ಬದಲ್ಲಿ ಇಟ್ಟಿದ್ದರು. ರಾತ್ರಿ ಎದ್ದು ಡಬ್ಬ ತೆಗೆದು ಎಣಿಸುತ್ತಿದ್ದೆ. ಲೆಕ್ಕ ಸರಿಯಾಗೇ ಇರುತ್ತಿತ್ತು. ಆದರೂ ನಾಳೆ ಮತ್ತೆ ಎಣಿಸುತ್ತಿದ್ದೆ. ಒಂದು ದಿನ ಹಿಂದೆ ಬಂದು ನಿಂತ ಅತ್ತೆ ಏನೂ ಕೇಳಲಿಲ್ಲ. ಅವರೂ ಕೂತು ಎಣಿಸಿದರು. "41. ಸರಿ ಇದೆ, ಮಲ್ಕೋ" ಅಂದರು.

ಆ ರಾತ್ರಿಯ ವಿಷಯ. ನೆಗಡಿ ಎದೆಗಿಳಿದಿತ್ತು, ಮೂರು ದಿನದಿಂದ ಕರೆಂಟಿಲ್ಲ, ಮಳೆ ಬಿಟ್ಟಿರಲಿಲ್ಲ. ನನಗೆ ನೆನಪಿರೋದು ಚಳಿ ಮಾತ್ರ. ಅತ್ತೆ ಕಾಲು ಮುಟ್ಟಿ ನೋಡಿದರಂತೆ, ಕಲ್ಲಿನ ಹಾಗೆ ತಣ್ಣಗಿತ್ತಂತೆ. ಕರೆದರೆ 'ಹ್ಞೂಂ' ಅಂತಿದ್ದೆನಂತೆ, ಕಣ್ಣು ಬಿಡುತ್ತಿರಲಿಲ್ಲ. ಬೆಳಗಾಗಲಿ ನೋಡೋಣ ಅಂದವರಿಗೆ ಅವರು "ಬೆಳಗಾಗೋದು ಬೇಡ" ಅಂದರಂತೆ.

ಜೀಪಿನ ಹಿಂದಿನ ಸೀಟಲ್ಲಿ ಎರಡು ಕಂಬಳಿ ಸುತ್ತಿ ನನ್ನ ತಲೆ ತೊಡೆ ಮೇಲೆ ಇಟ್ಟುಕೊಂಡರು. ಶಿವಮೊಗ್ಗದವರೆಗೆ 60 ಕಿಲೋಮೀಟರ್ ಚಿಲ್ಲರೆ. ನನ್ನನ್ನು ಮಲಗಲು ಬಿಡಬಾರದು ಅಂತ ಅವರಿಗೆ ಯಾರು ಹೇಳಿದ್ದರೋ ಗೊತ್ತಿಲ್ಲ, ದಾರಿಯುದ್ದಕ್ಕೂ ಪ್ರಶ್ನೆ. "ಕೊಟ್ಟೆ ಕಡುಬಿಗೆ ಅಕ್ಕಿ ಎಷ್ಟು, ಉದ್ದು ಎಷ್ಟು? ಹೇಳು ಮಾರಾಯ್ತಿ." "ಹೋದ ವರ್ಷ ಕೊನೆ ಕೊಯ್ಲಿಗೆ ಎಷ್ಟು ಆಳು ಬಂದಿದ್ರು?" ನಾನು ತಪ್ಪು ಹೇಳಿದರೆ ಬೈಯುತ್ತಿದ್ದರು. ಮಂಡಗದ್ದೆಯಲ್ಲಿ ಮರ ಬಿದ್ದು ಮುಕ್ಕಾಲು ಗಂಟೆ ನಿಂತಾಗ ಅವರ ಪ್ರಶ್ನೆಗಳೆಲ್ಲ ಖಾಲಿಯಾದವು. ಆಗ ಮೊದಲಿಂದ ಶುರು ಮಾಡಿದರು. ಕಡುಬಿಗೆ ಅಕ್ಕಿ ಎಷ್ಟು? ಒಂದು ಕೈ ನನ್ನ ನಾಡಿ ಮೇಲೇ ಇತ್ತು. ಆಸ್ಪತ್ರೆಯಲ್ಲಿ ನರ್ಸ್ ನಾಡಿ ನೋಡಿ "42" ಅಂದಾಗ ಅತ್ತೆ ಮೊದಲ ಸಲ ಅತ್ತರು. ಅದನ್ನು ನಾನು ಕಂಡೆ. ಅದಾದ ಮೇಲೆ ಎರಡು ದಿನ ನನಗೇನೂ ಗೊತ್ತಿಲ್ಲ.

ಮಳೆ ಇಳಿದ ಮೇಲೆ ಆಗುಂಬೆ ಘಾಟಿಯ 14 ತಿರುವು ಇಳಿದು ಬೇರೆ ಡಾಕ್ಟರ್ ಹತ್ತಿರ ಹೋದೆವು. ಅವರು ರಿಪೋರ್ಟ್ ಪಕ್ಕಕ್ಕಿಟ್ಟು, "ಬೆಳಿಗ್ಗೆ ಎದ್ದಾಗಿಂದ ಏನೇನು ಬಾಯಿಗೆ ಹೋಗುತ್ತೆ, ಹೇಳಿ" ಅಂದರು. ಅತ್ತೆಯೇ ಹೇಳಿದರು. ಮಾತ್ರೆ, ಜೊತೆಗೆ ಕಾಫಿ. ಆಪರೇಷನ್ ಆದ ಮೇಲೆ ಬೆರಳು ಜುಮ್ಮೆನ್ನುತ್ತೆ ಅಂತ ಕೊಟ್ಟ ಕ್ಯಾಲ್ಸಿಯಂ, ಅದೂ ಆಗಲೇ. ಗ್ಯಾಸ್ ಮಾತ್ರೆ, ಅದೂ ಆಗಲೇ. ಕಾಫಿ ಥೈರಾಯ್ಡ್ ಮಾತ್ರೆಯನ್ನು ಸರಿಯಾಗಿ ಹೀರಿಕೊಳ್ಳಲು ಬಿಡಲ್ಲ. ಕ್ಯಾಲ್ಸಿಯಂ ಅದಕ್ಕೆ ಅಂಟಿಕೊಳ್ಳುತ್ತೆ, 4 ಗಂಟೆ ದೂರ ಇರಬೇಕು. ಮಾತ್ರೆ ಕರಗೋಕೆ ಹೊಟ್ಟೆಯಲ್ಲಿ ಆಮ್ಲ ಬೇಕು, ಗ್ಯಾಸ್ ಮಾತ್ರೆ ಅದನ್ನೇ ಕಡಿಮೆ ಮಾಡುತ್ತೆ. ಎಲ್ಲವನ್ನೂ ಬೇರೆ ಬೇರೆ ಮಾಡಿದರೂ ಅರ್ಧ ಮಾತ್ರ ಸರಿಹೋಯಿತು.

ಆಮೇಲೆ, ನುಂಗಿದ ಮಾತ್ರೆ ರಕ್ತಕ್ಕೆ ಸೇರುತ್ತಾ ಇಲ್ಲವಾ ಅಂತ ನೋಡೋಕೆ ಒಂದು ಪರೀಕ್ಷೆ. ಮೊದಲು ಇಸಿಜಿ, ಆಮೇಲೆ ಅವರ ಕಣ್ಣೆದುರಿಗೇ 1000 ಮೈಕ್ರೋಗ್ರಾಂ ಒಟ್ಟಿಗೆ ನುಂಗಬೇಕು, ಗಂಟೆಗಟ್ಟಲೆ ಕೂತು ಮತ್ತೆ ಮತ್ತೆ ರಕ್ತ ಕೊಡಬೇಕು. ನಾಲಿಗೆ ಎತ್ತಿಸಿ ಟಾರ್ಚ್ ಬಿಟ್ಟು ನೋಡಿದರು. ನಾಚಿಕೆಯಾಯಿತು, ಸುಳ್ಳು ಹೇಳಲ್ಲ. ಆದರೆ ರಕ್ತದಲ್ಲಿ ಹಾರ್ಮೋನು ಏರಬೇಕಾದಷ್ಟು ಏರಲೇ ಇಲ್ಲ. ಡಾಕ್ಟರ್ ಆ ಹಾಳೆ ಅತ್ತೆ ಕಡೆ ತಿರುಗಿಸಿ "ನೀವು ಹೇಳಿದ್ದು ಸರಿ ಅಮ್ಮ" ಅಂದರು. ಎಂಡೋಸ್ಕೋಪಿಯಲ್ಲಿ ಕಾರಣ ಸಿಕ್ಕಿತು: ಹೊಟ್ಟೆಯಲ್ಲಿ ಎಚ್. ಪೈಲೋರಿ ಅನ್ನೋ ಬ್ಯಾಕ್ಟೀರಿಯಾ, ಅದೂ ಆಮ್ಲ ಕಡಿಮೆ ಮಾಡಬಲ್ಲದಂತೆ. 14 ದಿನ ಔಷಧಿ. ಅದು ಹೋದ ಮೇಲೆ ಹಳೆಯ 200 ಜಾಸ್ತಿಯಾಗಿ ಎದೆ ಡವಗುಟ್ಟಿತು, ಈಗ 125ಕ್ಕೆ ಬಂದು ನಿಂತಿದ್ದೇನೆ.

ಘಾಟಿ ಹತ್ತಿ ವಾಪಸ್ ಬರುವಾಗ ಅತ್ತೆ ಮಾತಾಡಲಿಲ್ಲ. ಮನೆಗೆ ಬಂದು ಕಾಲು ತೊಳೆಯುತ್ತಾ, "ದಿನಾ ನಾನೇ ಕೈಯಾರೆ ಹಾಳು ಮಾಡಿದ್ದೆ ಅಲ್ವಾ" ಅಂದರು. ನಾನು ಏನು ಹೇಳಿದೆನೋ ನೆನಪಿಲ್ಲ, ಸರಿಯಾಗಿ ಹೇಳಲಿಲ್ಲ ಅನ್ನೋದು ನೆನಪಿದೆ. ಈಗ ಹೇಳ್ತೀನಿ. ಅತ್ತೆ, ನಾನು ಮಾತ್ರೆ ನುಂಗಿದ್ದೇನೆ ಅಂತ ನಾನೂ ನಂಬದ ದಿನ ನೀವು ನಂಬಿದ್ದಿರಿ. ಕಾಫಿ ಲೆಕ್ಕಕ್ಕಿಲ್ಲ.

ಈಗ ಮಾತ್ರೆ 5 ಗಂಟೆಗೆ, ಬರೀ ನೀರಲ್ಲಿ. ಕಾಫಿ 6ಕ್ಕೆ. ಬೇಡ ಅಂದರೂ ಅತ್ತೆ ಅಲ್ಲಿಯವರೆಗೆ ತಾವೂ ಕುಡಿಯಲ್ಲ. ಇವತ್ತು 10 ನಿಮಿಷ ಮೊದಲೇ ಬಾಗಿಲಲ್ಲಿ ಇಣುಕಿದರು.

"ಆಯ್ತಾ?"

"ಇನ್ನೂ ಇಲ್ಲ."

ಫಿಲ್ಟರ್ ಮೇಲೆ ತಟ್ಟೆ ಮುಚ್ಚಿ ಗಡಿಯಾರದ ಕೆಳಗೆ ಕೂತರು.