ಎರಡು ದೋಣಿಯ ಮಾತು ವಾಪಸ್

ಪ್ರೀತಿಯ ಮಗಳಿಗೆ,

ಅವ್ವ ಮಾಡುವ ಆಶೀರ್ವಾದಗಳು. ಫೋನಿನಲ್ಲಿ ಇಷ್ಟೆಲ್ಲ ಹೇಳುವುದಕ್ಕೆ ಆಗುವುದಿಲ್ಲ. ನಾನು ಮಾತು ಶುರು ಮಾಡಿದರೆ ಯಾರಾದರೂ ಗಿರಾಕಿ ಬರುತ್ತಾರೆ, ಇಲ್ಲ ನಿನಗೆ ಕ್ಲಾಸಿಗೆ ಹೊತ್ತಾಗುತ್ತದೆ. ಅದಕ್ಕೇ ಅಂಗಡಿಯ ಅಳತೆ ಪುಸ್ತಕದಿಂದ ನಾಲ್ಕು ಹಾಳೆ ಹರಿದುಕೊಂಡು ಕೂತಿದ್ದೇನೆ. ಹಾಳೆಯ ಹಿಂದೆ ಯಾರದೋ ಸೊಂಟದ ಅಳತೆ ಕಂಡರೆ ನಗಬೇಡ.

ನೀನು ಕಾಲೇಜು ಸೇರುವ ದಿನ ನಾನು ಅಂದ ಮಾತು ನಿನಗೆ ನೆನಪಿದೆ ಅಂತ ಗೊತ್ತು. ಫ್ಯಾಷನ್ನೂ ಕಲಿಯುತ್ತೀನಿ, ಇಂಟೀರಿಯರ್ರೂ ಕಲಿಯುತ್ತೀನಿ ಅಂದರೆ ಎರಡು ದೋಣಿಯ ಮೇಲೆ ಕಾಲಿಟ್ಟ ಹಾಗೆ ಅಂದಿದ್ದೆ. ಆ ಹವಾನಿಯಂತ್ರಿತ ಕೋಣೆಯಲ್ಲಿ ಕೂತು, ಕೌನ್ಸೆಲರ್ ಹುಡುಗಿಯ ಎದುರಿಗೇ ಅಂದುಬಿಟ್ಟೆ. ನಿನ್ನ ಮುಖ ಸಣ್ಣದಾಯಿತು. ಬಟ್ಟೆ ಮೈಗೆ ಹಾಕುವುದು, ಮನೆ ಇರುವುದಕ್ಕೆ ಕಟ್ಟುವುದು, ಇವೆರಡನ್ನು ಒಂದೇ ಕೋರ್ಸಿನಲ್ಲಿ ಕಲಿಸುತ್ತಾರೆಂದರೆ ಎರಡು ಫೀಸು ಸೇರಿಸಿ ತಗೊಳ್ಳುವ ಉಪಾಯ ಅಂತಲೇ ನನ್ನ ಲೆಕ್ಕ. ಫೀಸಿನ ವಿಷಯದಲ್ಲಿ ಈಗಲೂ ನನ್ನ ಅನುಮಾನ ಪೂರ್ತಿ ಹೋಗಿಲ್ಲ. ಆದರೆ ದೋಣಿಯ ಮಾತನ್ನು ವಾಪಸ್ ತಗೊಳ್ಳುತ್ತೇನೆ. ಯಾಕೆ ಅಂತ ಹೇಳುವುದಕ್ಕೇ ಈ ಪತ್ರ.

ಹೋದ ತಿಂಗಳು ನೀನು ಒಂದು ಫೋಟೊ ಕಳಿಸಿದ್ದೆ. ಪ್ಲೈವುಡ್ ತುಂಡಿನ ಅಂಚು. ಪದರದ ಮೇಲೆ ಪದರ, ಒಂದು ಪದರದ ಎಳೆ ಉದ್ದಕ್ಕೆ, ಅದರ ಮೇಲಿನದು ಅಡ್ಡಕ್ಕೆ, ಮತ್ತೆ ಉದ್ದಕ್ಕೆ. ಹಾಗೆ ಅಂಟಿಸುವುದರಿಂದಲೇ ಅದು ಸುಲಭಕ್ಕೆ ಸೀಳುವುದಿಲ್ಲ, ಸೊಟ್ಟಗಾಗುವುದಿಲ್ಲ ಅಂತ ಬರೆದಿದ್ದೆ. ನಾನು ಮಿಷನ್ ನಿಲ್ಲಿಸಿ ಆ ಫೋಟೊ ನೋಡುತ್ತಾ ಕೂತೆ. ಅಲ್ಲವ್ವಾ, ಇದು ಮಗ್ಗದ ಹಾಸು ಹೊಕ್ಕು, ಉದ್ದದ ಎಳೆ ಅಡ್ಡದ ಎಳೆ ಅಲ್ವಾ! ಗುಳೇದಗುಡ್ಡದ ನನ್ನ ತವರಿನಲ್ಲಿ ಕುಣಿಮಗ್ಗದ ಸದ್ದಿಗೇ ಎದ್ದು ಬೆಳೆದವಳು ನಾನು. ಲಾಳಿ ಆ ಕಡೆ ಈ ಕಡೆ ಓಡುವುದನ್ನು ನೋಡಿಯೇ ಎಣಿಸುವುದು ಕಲಿತೆ. ಬಟ್ಟೆಗೆ ಬಲ ಬರುವುದು ಹೇಗೋ ಮರಕ್ಕೂ ಹಾಗೇ ಬಲ ತುಂಬುತ್ತಾರೆ ಅನ್ನುವುದು ಇಷ್ಟು ವರ್ಷ ನನಗೆ ಹೊಳೆದೇ ಇರಲಿಲ್ಲ.

ಆಮೇಲೆ ಒಂದೊಂದೇ ನೆನಪಾಗತೊಡಗಿತು.

ನಮ್ಮ ಅಡುಗೆ ಮನೆಯ ಕಪಾಟಿನ ಬಾಗಿಲು ನೋಡಿದ್ದೀಯಲ್ಲ, ಮೂರರ ಮೈಕಾದಲ್ಲಿ ಮರದ ಗೆರೆ ಮೇಲಿಂದ ಕೆಳಗೆ, ನಾಲ್ಕನೆಯದರಲ್ಲಿ ಮಾತ್ರ ಅಡ್ಡ. ಬಡಗಿಯನ್ನು ಕೇಳಿದ್ದಕ್ಕೆ, ಎಂಟಕ್ಕೆ ನಾಲ್ಕು ಅಡಿಯ ಹಾಳೆಯಲ್ಲಿ ಹಾಗೆ ಕತ್ತರಿಸಿದರೆ ಇನ್ನೊಂದು ಹಾಳೆ ಉಳಿಯುತ್ತದೆ ಅಕ್ಕಾ ಅಂದ. ನಾನು ಸಿಟ್ಟಿಗೆದ್ದೆ. ಆದರೆ ಅವನಿಗೆ ಜಾಸ್ತಿ ಬೈಯಲಿಲ್ಲ. ಯಾಕೆಂದರೆ ನಾನೂ ಅದೇ ತಪ್ಪು ಮಾಡಿದವಳು. ನಿನಗೆ ಇದನ್ನು ಹೇಳಿರಲಿಲ್ಲ. ಅಂಗಡಿ ಇಟ್ಟ ಎರಡನೇ ವರ್ಷ ಒಬ್ಬ ಮದುವಣಗಿತ್ತಿಯ ಖಣ, ಅಂದರೆ ಬ್ಲೌಸಿನ ಬಟ್ಟೆ, ಬಂತು, ತೇರಿನ ಚಿತ್ತಾರದ್ದು. ಬಟ್ಟೆ ಸ್ವಲ್ಪ ಸಾಲುತ್ತಿರಲಿಲ್ಲ. ಒಂದು ತೋಳನ್ನು ತಿರುಗಿಸಿ ಇಟ್ಟರೆ ಸರಿಯಾಗಿ ಕೂರುತ್ತಿತ್ತು. ಕತ್ತರಿಸಿದೆ, ಹೊಲಿದೆ, ಚೆನ್ನಾಗಿಯೇ ಹೊಲಿದೆ. ಹುಡುಗಿ ಹಾಕಿಕೊಂಡು ಕನ್ನಡಿ ಮುಂದೆ ನಿಂತಳು, ಅವಳ ತಾಯಿಯೂ ನೋಡಿದಳು, ಇಬ್ಬರಿಗೂ ಖುಷಿ. ಜೊತೆಗೆ ಬಂದಿದ್ದ ಮುದುಕಿ ಮಾತ್ರ ತೋಳು ಮುಟ್ಟಿ, "ಈ ಕಡೆ ತೇರು ತಲೆಕೆಳಗಾಗಿ ನಿಂತದಲ್ಲವ್ವಾ" ಅಂದಳು. ಅಷ್ಟೇ. ನನ್ನ ಜೇಬಿನಿಂದ ಹೊಸ ಖಣ ತಂದು ರಾತ್ರಿ ಕೂತು ಮತ್ತೆ ಹೊಲಿದುಕೊಟ್ಟೆ. ಆ ತಿಂಗಳು ಮಿಷನ್ನಿನ ಕಂತು ಕಟ್ಟಲಿಲ್ಲ.

ಬಟ್ಟೆಯ ಅಗಲ ಇಷ್ಟೇ, ಹಾಳೆಯ ಅಳತೆ ಇಷ್ಟೇ. ಅದರೊಳಗೆ ಚೂರು ಹಾಳಾಗದಂತೆ ಕತ್ತರಿಸಬೇಕು, ಗೆರೆಯ ದಿಕ್ಕೂ ತಪ್ಪಬಾರದು. ನನ್ನ ಮೇಜಿಗೂ ಆ ಬಡಗಿಯ ಮೇಜಿಗೂ ಏನು ಫರಕು ಹೇಳು? ನೀರಿನ ವಿಷಯವೂ ಹಾಗೇ. ಲೈನಿಂಗ್ ಬಟ್ಟೆಯನ್ನು ರಾತ್ರಿ ನೆನೆಸಿ ಒಣಗಿಸದೆ ನಾನು ಕತ್ತರಿ ಹಾಕುವುದಿಲ್ಲ. ಮೊದಲ ಒಗೆತಕ್ಕೇ ಅದು ಕುಗ್ಗುತ್ತದೆ, ಬ್ಲೌಸು ಸುಕ್ಕುಗಟ್ಟುತ್ತದೆ, ಬೈಗುಳ ನನಗೆ. ಆದರೆ ನಮ್ಮ ಸಿಂಕಿನ ಕೆಳಗೆ ಎಂಥ ಪ್ಲೈ ಹಾಕಿದ್ದಾರೆ ಅಂತ ನಾನು ಕೇಳಲೇ ಇಲ್ಲ. ಎರಡೇ ಮಳೆಗಾಲಕ್ಕೆ ಉಬ್ಬಿ ಹಪ್ಪಳವಾಯಿತು. ನೀರು ತಾಗುವ ಕಡೆ ಐಎಸ್ 710 ಅಂತ ಮುದ್ರೆ ಇರುವ ಮರೈನ್ ಪ್ಲೈ ಹಾಕಬೇಕು, ಐಎಸ್ 303 ಅಂದರೆ ಸಾಮಾನ್ಯ ಬಳಕೆಯದು ಅಂತ ನೀನು ಈಗ ಹೇಳುತ್ತೀ. ಮೊದಲೇ ಗೊತ್ತಿದ್ದರೆ ಹಾಳೆ ತಿರುವಿ ಮುದ್ರೆ ನೋಡುತ್ತಿದ್ದೆ.

ಈಗ ನಿನ್ನ ಪ್ರಾಜೆಕ್ಟಿನ ಕಿಟಕಿ ಪರದೆಗೆ ಬರುತ್ತೇನೆ. ನಿನ್ನ ಚಿತ್ರ ಚೆಂದ ಇದೆ. ಇಡೀ ಕಿಟಕಿಗೆ ಕೆಂಪು ಖಣ ಇಳಿಬಿಟ್ಟಿದ್ದೀ, ಹಿಂದಿನಿಂದ ಬೆಳಕು ಬರುತ್ತಿದೆ. ಆದರೆ ನಿನ್ನ ಕಂಪ್ಯೂಟರಿಗೆ ಖಣದ ಅಗಲ ಗೊತ್ತಿಲ್ಲ. ನಿನ್ನ ಸೋದರಮಾವನ ಮಗ್ಗದಿಂದ ಇಳಿಸಿದ್ದನ್ನು ಇವತ್ತು ಟೇಪು ಹಿಡಿದು ನೋಡಿದೆ, 31 ಇಂಚು. ನಿನ್ನ ಕಿಟಕಿ 48 ಇಂಚು. ನೆರಿಗೆ ಬರಬೇಕಾದರೆ ಎರಡರಷ್ಟು ಬಟ್ಟೆ ಬೇಕು, 96. ಮೂರು ಅಗಲ ಸೇರಿಸಿದರೂ 93 ಆಗುತ್ತದೆ, ಹೊಲಿಗೆಗೆ ಮಡಚಿದ್ದು ಕಳೆದರೆ ಇನ್ನೂ ಕಡಿಮೆ. ಅಂದರೆ ನಾಲ್ಕು ಬೇಕು, ಇಲ್ಲ ನೆರಿಗೆ ಕಡಿಮೆ ಮಾಡಬೇಕು. ನಾಲ್ಕು ಅಂದರೆ ಮೂರು ಜೋಡಣೆ. ಆ ಜೋಡಣೆ ಎಲ್ಲಿ ಬರುತ್ತದೆ ಅಂತ ನಿನ್ನ ಚಿತ್ರದಲ್ಲಿ ಇಲ್ಲ.

ಜೋಡಣೆಯನ್ನು ಬಚ್ಚಿಡಲೇಬೇಕು ಅಂತ ನಾನು ಹೇಳುತ್ತಿಲ್ಲ. ಇಳಕಲ್ ಸೀರೆ ನೋಡು. ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಂದೊಂದು ಎಳೆಗೂ ಕೊಂಡಿ ಹಾಕಿ ಸೇರಿಸಿ ನೇಯುತ್ತಾರೆ. ಟೋಪು ತೆನೆ ಸೆರಗು ಅಂತ ಜನ ಮೆಚ್ಚಿ ಉಡುವುದು ಆ ಜೋಡಣೆಯನ್ನೇ. ನೀನೂ ಖಣಗಳ ನಡುವೆ ಹತ್ತಿಯ ಪಟ್ಟಿ ಕೊಟ್ಟು ನೋಡು. ಬಟ್ಟೆಯೂ ಉಳಿಯುತ್ತದೆ, ಬೇಕಂತಲೇ ಮಾಡಿದ ಹಾಗೂ ಕಾಣುತ್ತದೆ. ಮತ್ತೆ ಹಿಂದೆ ಲೈನಿಂಗ್ ಬೇಕೇ ಬೇಕು. ರೇಷ್ಮೆ ಎಳೆಗೆ ಬಿಸಿಲು ಆಗುವುದಿಲ್ಲ. ಬಣ್ಣ ಹೋಗುತ್ತದೆ, ಎಳೆಯೂ ಸೋಲುತ್ತದೆ. ಬೆಂಗಳೂರಿನಲ್ಲಿ ಬಿಸಿಲೆಲ್ಲಿ ಅನ್ನಬೇಡ, ಪಶ್ಚಿಮದ ಕಿಟಕಿ ಅಂತ ನೀನೇ ಬರೆದಿದ್ದೀ. ನನ್ನನ್ನು ಕೇಳಿದರೆ ಪರದೆಗಿಂತ ದಿಂಬಿನ ಕವರಿಗೆ ಖಣ ವಾಸಿ. ಅಗಲ ಸಾಲುತ್ತದೆ, ಬಿಸಿಲಿಗೂ ಸಿಗುವುದಿಲ್ಲ.

ಇನ್ನೊಂದು. ಆ ಚಿತ್ರದ ಕೆಳಗೆ 'ಎಥ್ನಿಕ್ ಬ್ರೊಕೇಡ್' ಅಂತ ಬರೆದಿದ್ದೀಯಲ್ಲ, ಅದನ್ನು ಓದಿ ನನಗೆ ಬಾಯಿ ಕಟ್ಟಿತು. ಅದಕ್ಕೆ ಹೆಸರಿಲ್ಲವೇ? ಗುಳೇದಗುಡ್ಡ ಖಣ. ಊರಿನ ಹೆಸರಿನ ಮೇಲೆ ಕೊಡುವ ಜಿಐ ಗುರುತು ಸಿಕ್ಕಿರುವ ಬಟ್ಟೆ ಅದು. ಚಿತ್ತಾರಕ್ಕೂ ಹೆಸರಿದೆ, ನೀನು ಹಾಕಿರುವುದು ಆನೆ ಹೆಜ್ಜೆ. ಮಿಲಾನೋ ಪ್ಯಾರಿಸ್ಸೋ ಆಗಿದ್ದರೆ ಊರಿನ ಹೆಸರು ಸಮೇತ ಬರೆಯುತ್ತಿದ್ದೆ ಅಲ್ವಾ? ತಿದ್ದು.

ಕಸೂತಿಯ ಬಗ್ಗೆ ನೀನು ಕೇಳಿದ್ದೆ, ಕಂಪ್ಯೂಟರ್ ಎಂಬ್ರಾಯ್ಡರಿಯಲ್ಲಿ ಮಾಡಿದರೆ ಆಗುತ್ತದಾ ಅಂತ. ಕಾಣುವುದಕ್ಕೆ ಆಗುತ್ತದೆ. ಆದರೆ ಮೊದಲು ಕೈಯಲ್ಲಿ ಒಂದು ಗೋಪುರದ ಚಿತ್ತಾರವಾದರೂ ಹಾಕು. ಗವಂತಿ, ಮುರಗಿ, ನೇಗಿ, ಮೆಂತಿ, ನಾಲ್ಕೇ ಹೊಲಿಗೆ. ಗೆರೆ ಎಳೆದುಕೊಳ್ಳುವಂತಿಲ್ಲ, ಗಂಟು ಹಾಕುವಂತಿಲ್ಲ, ಬಟ್ಟೆಯ ಎಳೆ ಎಣಿಸಿಕೊಂಡು ಹೋಗಬೇಕು. ಗವಂತಿ ಸರಿಯಾಗಿ ಬಂದಿದ್ದರೆ ಬಟ್ಟೆಯ ಹಿಂದೆ ಮುಂದೆ ಒಂದೇ ಥರ ಇರುತ್ತದೆ. ನಿನ್ನ ಅಜ್ಜಿ ನನ್ನ ಕೆಲಸ ನೋಡುವಾಗ ಮುಂದಿನ ಬದಿ ನೋಡುತ್ತಲೇ ಇರಲಿಲ್ಲ. ಸೀದಾ ತಿರುಗಿಸುತ್ತಿದ್ದಳು.

ಸರ್ಟಿಫಿಕೇಟಿನ ಚಿಂತೆ ನಿನಗಿದೆ. ಡಿಗ್ರಿ ಮಾಡುತ್ತಿರುವ ಗೆಳತಿಯರ ಮುಂದೆ ಡಿಪ್ಲೊಮಾ ಅನ್ನುವುದಕ್ಕೆ ಸಂಕೋಚ ಅಂದೆ. ಫ್ಯಾಷನ್ ಕಲಿಸುವ ಸರ್ಕಾರಿ ಸಂಸ್ಥೆ ನಿಫ್ಟ್‌ನಲ್ಲಿ ಸೀಟು ಸಿಗದಾಗ ನೀನು ಎರಡು ದಿನ ಊಟ ಬಿಟ್ಟಿದ್ದು ಮರೆತಿಲ್ಲ ನಾನು. ಆ ನಿಫ್ಟ್ ದೆಹಲಿಯಲ್ಲಿ ಶುರುವಾದದ್ದು 1986ರಲ್ಲಿ, ತಾನೇ ಪದವಿ ಕೊಡುವ ಅಧಿಕಾರ ಅದಕ್ಕೆ ಬಂದದ್ದು 2006ರ ಕಾಯ್ದೆಯಿಂದ. ಅಲ್ಲಿಯವರೆಗೆ ಅಲ್ಲಿ ಕಲಿತವರೂ ಡಿಪ್ಲೊಮಾ ಹಿಡಿದುಕೊಂಡೇ ಹೊರಗೆ ಬಂದದ್ದು. ಆದರೆ ಡಿಪ್ಲೊಮಾ ಕೊಡುವವರು ಯಾರು ಅನ್ನುವುದನ್ನು ಮಾತ್ರ ವಿಚಾರಿಸು. ವಿಶ್ವವಿದ್ಯಾಲಯವೋ, ತಾಂತ್ರಿಕ ಶಿಕ್ಷಣ ಮಂಡಳಿಯೋ, ಇಲ್ಲ ಕಾಲೇಜೇ ತನ್ನ ಕಾಗದದ ಮೇಲೆ ಮುದ್ರೆ ಒತ್ತಿ ಕೊಡುವುದೋ. ಕೊನೆಯದಾದರೂ ಪರವಾಗಿಲ್ಲ, ಆದರೆ ಮುಂದೆ ಡಿಗ್ರಿಗೆ ಹೋಗುತ್ತೀನಿ ಅಂದರೆ ಆಗ ಗೊತ್ತಾಗುವುದು ಬೇಡ, ಈಗಲೇ ಗೊತ್ತಿರಲಿ. ಆಫೀಸಿಗೆ ಹೋಗಿ ಬರೆದುಕೊಡಿ ಅಂತ ಕೇಳು. ನೂರಕ್ಕೆ ನೂರು ಕೆಲಸ ಗ್ಯಾರಂಟಿ ಅಂತ ಆವತ್ತು ಬಾಯಲ್ಲಿ ಹೇಳಿದವರು, ಎರಡನೇ ಕಂತು ಕಟ್ಟಿದ ಮೇಲೆ 'ಸಹಾಯ ಮಾಡುತ್ತೇವೆ' ಅನ್ನುತ್ತಿದ್ದಾರೆ. ನಾನೂ ಹೊಲಿಗೆ ಅಂಗಡಿಯವಳು, 'ಕೊಡುತ್ತೇನೆ' ಅನ್ನುವುದಕ್ಕೂ 'ನೋಡುತ್ತೇನೆ' ಅನ್ನುವುದಕ್ಕೂ ಇರುವ ವ್ಯತ್ಯಾಸ ನನಗೆ ಚೆನ್ನಾಗಿ ಗೊತ್ತು.

ನಿನ್ನ ಚಿಕ್ಕಪ್ಪ ಊರೆಲ್ಲ ಹೇಳಿಕೊಂಡು ಬರುತ್ತಿದ್ದಾನೆ, ನಮ್ಮ ಹುಡುಗಿ ಆರ್ಕಿಟೆಕ್ಟ್ ಆಗುತ್ತಿದ್ದಾಳೆ ಅಂತ. ಅವನಿಗೆ ನೀನೇ ಒಮ್ಮೆ ಹೇಳು. 1972ರ ಆರ್ಕಿಟೆಕ್ಟರ ಕಾಯ್ದೆಯ ಪ್ರಕಾರ ಅವರ ಕೌನ್ಸಿಲ್‌ನಲ್ಲಿ ನೋಂದಣಿ ಇಲ್ಲದವರು ಹಾಗೆ ಕರೆದುಕೊಳ್ಳುವಂತಿಲ್ಲ. ಇಂಟೀರಿಯರ್ ಡಿಸೈನರ್ ಅಂತ ಮಾತ್ರ ಯಾರು ಬೇಕಾದರೂ ಬೋರ್ಡು ಹಾಕಬಹುದು. ಅದು ನಿನಗೆ ಅನುಕೂಲವೂ ಹೌದು, ತೊಂದರೆಯೂ ಹೌದು. ನಮ್ಮ ಓಣಿಯಲ್ಲೇ ಟೈಲ್ಸ್ ಅಂಗಡಿಯ ಹುಡುಗ ಬೋರ್ಡು ಹಾಕಿದ್ದಾನೆ.

ಕೊನೆಗೆ ನನ್ನದೊಂದು ಕೆಲಸ. ಬ್ಲೌಸ್ ಹೊಲಿಯುವುದಕ್ಕೆ ನಾನು ಹನ್ನೆರಡು ಅಳತೆ ತಗೊಳ್ಳುತ್ತೇನೆ. ಹಳೇ ಬ್ಲೌಸ್ ಕೊಟ್ಟು ಇದರಂತೆ ಹೊಲಿ ಅಂದರೂ ಒಮ್ಮೆ ಟೇಪು ಹಿಡಿಯದೆ ಬಿಡುವುದಿಲ್ಲ. ಆದರೆ ಈ ಮನೆ ಕಟ್ಟುವಾಗ ಅಡುಗೆ ಕಟ್ಟೆಗೆ ಅಂತ ನನ್ನ ಒಂದು ಅಳತೆಯನ್ನೂ ಯಾರೂ ಕೇಳಲಿಲ್ಲ. ಮೇಸ್ತ್ರಿ ಎಲ್ಲರ ಮನೆಗೂ ಇಡುವ ಎತ್ತರ ಇಟ್ಟ. ನಿನ್ನ ಅಪ್ಪ ಸರಿ ಅಂದರು. ಅವರು ಅಲ್ಲಿ ನಿಂತು ಒಂದು ದಿನವೂ ರೊಟ್ಟಿ ಬಡಿದವರಲ್ಲ. ನಾನು 4 ಅಡಿ 11 ಇಂಚು, ಕಟ್ಟೆ 36 ಇಂಚು. ಭುಜ ಎತ್ತಿಕೊಂಡೇ ಬಡಿಯಬೇಕು. ಭುಜದ ನೋವು ಹೊಲಿಗೆಯಿಂದ ಬಂದದ್ದು ಅಂತ ಇಷ್ಟು ದಿನ ಮಿಷನ್ನಿಗೆ ಬೈದೆ. ಕೆಲಸದ ಕಟ್ಟೆ ಮೊಣಕೈಗಿಂತ ನಾಲ್ಕಾರು ಇಂಚು ಕೆಳಗಿರಬೇಕು ಅಂತ ನೀನು ಬಿಟ್ಟುಹೋದ ನೋಟ್ಸಿನಲ್ಲಿ ಓದಿದೆ. ಈಗ ಮಣೆ ಹಾಕಿಕೊಂಡು ಅದರ ಮೇಲೆ ನಿಂತಿದ್ದೇನೆ. ಎರಡು ಸಲ ಜಾರಿದ್ದೇನೆ, ಅಪ್ಪನಿಗೆ ಹೇಳಬೇಡ.

ಸೋಮವಾರದ ಬಸ್ಸಿಗೆ ಪಾರ್ಸಲ್ ಹಾಕುತ್ತೇನೆ. ಖಣ ಐದು ಇವೆ, ತ್ರಿಕೋನವಾಗಿ ಮಡಚಿದ್ದನ್ನು ಬಿಚ್ಚುವ ಮೊದಲು ಫೋಟೊ ತೆಗೆದುಕೋ, ಮೇಡಂಗೆ ತೋರಿಸಬಹುದು. ನನ್ನ ದೊಡ್ಡ ಕತ್ತರಿಯೂ ಇದೆ, ಸಾಣೆ ಹಿಡಿಸಿದ್ದೇನೆ. ಅದರಲ್ಲಿ ಕಾಗದ ಕತ್ತರಿಸಿದೆಯೋ ನೋಡು ಮತ್ತೆ. ಶೇಂಗಾ ಹೋಳಿಗೆ ಹತ್ತು ಇಟ್ಟಿದ್ದೇನೆ, ರೂಮಿನವರಿಗೂ ಕೊಡು.

ದೀಪಾವಳಿ ಕಳೆದ ಮೇಲೆ ಕಟ್ಟೆ ಒಡೆಸಿ ಬೇರೆ ಕಟ್ಟಿಸುವುದು ಅಂತ ಅಪ್ಪನನ್ನು ಒಪ್ಪಿಸಿದ್ದೇನೆ. ಚಿತ್ರ ನೀನೇ ಹಾಕಬೇಕು. ಅಳತೆ ಫೋನಿನಲ್ಲಿ ಹೇಳುವುದಿಲ್ಲ, ಬಂದು ತಗೋ. ಟೇಪು ನಿನ್ನದೇ ತಾ, ನನ್ನದರಲ್ಲಿ ನಲವತ್ತರಿಂದ ಆಚೆ ಅಂಕಿ ಅಳಿಸಿಹೋಗಿವೆ. ಮತ್ತೆ ಬರಿಗಾಲಲ್ಲೇ ಅಳೆಯಬೇಕು. ಅಡುಗೆ ಮನೆಯಲ್ಲಿ ನಾನು ಚಪ್ಪಲಿ ಹಾಕುವುದಿಲ್ಲ.

ನಿನ್ನ
ಅವ್ವ