ಘೇಂಡಾಮೃಗ ಗೋಡೆಯಿಂದ ಇಳಿಯಿತು

ನಿನ್ನೆ ಸಂಜೆ ನಮ್ಮ ಮ್ಯೂಸಿಯಂನ ಹಳೆಯ ಚಿತ್ರಗಳ ಪ್ರದರ್ಶನ ಮುಗಿಯಿತು. ಬೆಳಿಗ್ಗೆಯಿಂದ ಒಂದೊಂದೇ ಚಿತ್ರ ಇಳಿಸಿ, ಅಂಚು ನೋಡಿ, ಪೆಟ್ಟಿಗೆಗೆ ಹಾಕುತ್ತಿದ್ದೇವೆ. ಐನೂರು ವರ್ಷದ ಕಾಗದ, ಅವಸರ ಮಾಡುವ ಹಾಗಿಲ್ಲ.

ನಡುವೆ ಅಪ್ಪ ತೀರಿಕೊಂಡರು ಅಂತ ನಾನು ಊರಿಗೆ ಓಡಿದೆ. ನನ್ನ ಪಾಲಿನ ಕೆಲಸ ಮುಗಿಸಿಕೊಟ್ಟ ಸಹೋದ್ಯೋಗಿಗಳಿಗೆ, ಟಿಕೆಟ್ ಮಾಡಿಸಿದ ಗೆಳತಿಗೆ, ಕಾರವಾರದಲ್ಲಿ ಅಮ್ಮನ ಪಕ್ಕ ಮಲಗಿದ ಚಿಕ್ಕಮ್ಮನಿಗೆ, ಡಬ್ಬಿಯಲ್ಲಿ ಅನ್ನ-ಸಾರು ತಂದಿಟ್ಟ ಇಲ್ಲಿನ ಕನ್ನಡದವರಿಗೆ ತುಂಬಾ ಥ್ಯಾಂಕ್ಸ್.

ಇನ್ನು ಮಾಮನ ವಿಷಯ.

ಮಾಮ ನಮ್ಮ ಮ್ಯೂಸಿಯಂನ ನೈಟ್ ಗಾರ್ಡ್. ಗೋವಾದವರು. ನಾವಿಬ್ಬರೂ ಕೊಂಕಣಿಯಲ್ಲೇ ಮಾತಾಡೋದು. ಅಪ್ಪನ ಸುದ್ದಿ ಬಂದಾಗ ರಾತ್ರಿ ಹನ್ನೊಂದು. ವಿಮಾನ ಮರುದಿನ ಮಧ್ಯಾಹ್ನ. ಮನೆಗೆ ಹೋಗಲು ಕಾಲೇ ಏಳಲಿಲ್ಲ. ಗ್ಯಾಲರಿಯಲ್ಲಿ ಖಾಲಿ ಪೆಟ್ಟಿಗೆಯ ಮೇಲೆ ಕೂತುಬಿಟ್ಟೆ. ಮಾಮ ಏನೂ ಕೇಳಲಿಲ್ಲ. ಗಂಟೆಗೊಮ್ಮೆ ರೌಂಡ್ಸ್ ಮುಗಿಸಿ ಬಂದು ಪಕ್ಕದಲ್ಲಿ ನಿಲ್ಲೋರು. ಒಳಗೆ ಚಹಾ ತರುವ ಹಾಗಿಲ್ಲ. ಅದಕ್ಕೆ ಕಾರಿಡಾರಿಗೆ ಕರೆದು ಫ್ಲಾಸ್ಕಿನ ಮುಚ್ಚಳದಲ್ಲಿ ಸುರಿದುಕೊಟ್ಟರು.

ಮೂರನೇ ಸುತ್ತಿಗೆ ಘೇಂಡಾಮೃಗದ ಮುಂದೆ ನಿಂತರು. ಜರ್ಮನಿಯ ಕಲಾವಿದ ಡ್ಯೂರರ್‌ನ 1515ರ ಮರದಚ್ಚಿನ ಚಿತ್ರ. "ಇದೇನು, ಕುತ್ತಿಗೆ ಮೇಲೆ ಇನ್ನೊಂದು ಪುಟ್ಟ ಕೊಂಬು?" ಸುಮ್ನೆ ನನ್ನನ್ನು ಮಾತಿಗೆಳೆಯೋಕೆ ಕೇಳಿದ್ದು, ಈಗ ಗೊತ್ತಾಗುತ್ತದೆ. ಡ್ಯೂರರ್ ಪ್ರಾಣಿಯನ್ನು ಕಣ್ಣಾರೆ ನೋಡಿರಲಿಲ್ಲ ಮಾಮ, ಪೋರ್ಚುಗಲ್‌ನ ಲಿಸ್ಬನ್ನಿನಿಂದ ಬಂದ ವರ್ಣನೆ ನಂಬಿ ಬರೆದ, ಅಂದೆ. ಗುಜರಾತಿನ ಸುಲ್ತಾನ ಕೊಟ್ಟ ಪ್ರಾಣಿ, ನಿಮ್ಮ ಗೋವಾದಿಂದಲೇ ಹಡಗು ಹತ್ತಿದ್ದು ಅಂದಾಗ ಮುಖ ಅರಳಿತು.

"ಆಮೇಲೆ?"

ಪೋರ್ಚುಗಲ್ ರಾಜ ಅದನ್ನು ಪೋಪ್‌ಗೆ ಉಡುಗೊರೆಯಾಗಿ ಕಳಿಸಿದ. ಇಟಲಿಯ ಹತ್ತಿರ ಹಡಗು ಮುಳುಗಿತು.

"ಈಜಲಿಲ್ವಾ?"

"ಸರಪಳಿ ಹಾಕಿದ್ದರು, ಮಾಮ."

ಅಷ್ಟು ಹೇಳಿ ಮುಗಿಸಲಾಗಲಿಲ್ಲ. ಅಲ್ಲಿವರೆಗೆ ಒಂದು ಹನಿಯೂ ಬಂದಿರಲಿಲ್ಲ. ದನದ ಹಾಗೆ ಕೂಗಿ ಅತ್ತೆ. ಅಪ್ಪನಿಗೋ, ಮುಳುಗಿದ ಆ ಪ್ರಾಣಿಗೋ, ಯಾರಿಗೆ ಗೊತ್ತು. ಮಾಮ ಟಾರ್ಚ್ ಆರಿಸಿ ಅಲ್ಲೇ ನಿಂತರು. ಬೆಳಗಾದ ಮೇಲೆ ಡ್ಯೂಟಿ ಮುಗಿದರೂ ಮನೆಗೆ ಹೋಗದೆ, ಬ್ಯಾಗ್ ಹಿಡಿದು ಏರ್‌ಪೋರ್ಟ್ ರೈಲಿನವರೆಗೂ ಬಂದರು.

ಇವತ್ತೂ ಶಿಫ್ಟ್ ಮುಗಿಸಿ ಕಾದಿದ್ದರು. ಎರಡೂ ಕೈ ಬೆನ್ನ ಹಿಂದೆ ಕಟ್ಟಿ ಪೆಟ್ಟಿಗೆಯೊಳಗೆ ಬಗ್ಗಿ ನೋಡಿದರು.

"ಎಲ್ಲಿಗೆ ಕಳಿಸ್ತೀ ಇದನ್ನ?"

"ಕೆಳಗಿನ ಕತ್ತಲೆ ಕೋಣೆಗೆ, ಮಾಮ. ಬೆಳಕು ಜಾಸ್ತಿ ಬಿದ್ದರೆ ಕಾಗದ ಹಾಳಾಗುತ್ತೆ. ಕೆಲವು ವರ್ಷ ಹೊರಗೆ ತೆಗೆಯೋದಿಲ್ಲ."

"ಸರಿ," ಅಂದರು. "ಮಲಗಲಿ ಬಿಡು."